ಪಿಕಪ್ಪಿನ ಮೂತಿ ಎಷ್ಟು ಎತ್ತಬೇಕು?

ಬೆಂಗಳೂರಿನ ವರ್ತೂರು, ಗುಂಜೂರು, ಸರ್ಜಾಪುರ ರಸ್ತೆಯ ಕಡೆ ಈಗ ಡಬಲ್ ಕ್ಯಾಬ್ ಪಿಕಪ್ಪುಗಳು ಆಗಾಗ ಕಣ್ಣಿಗೆ ಬೀಳುತ್ತವೆ. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು. 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು, ಅದಂತೂ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಗಾಡಿ. ಕೊಂಡವರು ನಂಬರ್ ಪ್ಲೇಟು ಹಾಕಿಸಿದ ಮೇಲೆ ಕೇಳುವ ಮೊದಲ ಪ್ರಶ್ನೆ: ಮುಂದಿನ ಸ್ಪ್ರಿಂಗ್ ಬದಲಾಯಿಸಿ ಸ್ವಲ್ಪ ಎತ್ತಿಸಿದರೆ ಹೇಗೆ?

ಆಸೆ ಸಹಜವೇ. ಪಿಕಪ್ ಕಾರ್ಖಾನೆಯಿಂದ ಬರುವಾಗಲೇ ಮೂತಿ ತಗ್ಗು, ಹಿಂಭಾಗ ಎತ್ತರ. ಲೋಡು ಬಿದ್ದಾಗ ಹಿಂದೆ ಕುಸಿದು ಗಾಡಿ ಸಮನಾಗಲಿ ಅಂತ ಆ ಲೆಕ್ಕ. ವೈಟ್‌ಫೀಲ್ಡಿನ ಪಿಕಪ್ಪಿನ ಹಿಂದೆ ಒಂದು ಟೆಂಟು, ಎರಡು ಸೈಕಲ್ಲು ಇದ್ದರೆ ಹೆಚ್ಚು. ಹಾಗಾಗಿ ಅದು ಸದಾ ಮುಂದಕ್ಕೆ ಬಾಗಿದಂತೆಯೇ ಕಾಣುತ್ತದೆ. ಸಾಲದ್ದಕ್ಕೆ 2022ರ ಸೆಪ್ಟೆಂಬರ್ ಮಳೆಯನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಹೊರ ವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ದಿನಗಳವು. ಅದನ್ನು ಕಂಡವರಿಗೆ ಎತ್ತರದ ಗಾಡಿ ಬೇಕು ಅನ್ನಿಸದೆ ಇದ್ದೀತೆ?

ಆದರೆ ಸ್ಪ್ರಿಂಗು ಯಾವುದನ್ನು ಎತ್ತುತ್ತದೆ, ಯಾವುದನ್ನು ಎತ್ತುವುದಿಲ್ಲ ಅನ್ನುವುದನ್ನು ನೋಡಬೇಕು. ಈ ಗಾಡಿಗಳ ಹಿಂದಿನ ಆಕ್ಸಲ್ ಒಂದೇ ದಿಂಡು. ಅದರ ನಡುವೆ ಜೋತುಬಿದ್ದ ಡಿಫರೆನ್ಷಿಯಲ್ಲಿನ ಗುಂಡು ಯಾವ ಸ್ಪ್ರಿಂಗ್ ಹಾಕಿದರೂ ನೆಲದಿಂದ ಒಂದು ಕೂದಲೆಳೆಯೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಹಂಪಿನ ಕಥೆಯೂ ಅಷ್ಟೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಲೇಔಟುಗಳಲ್ಲಿ ಜನ ತಾವೇ ಹಾಕಿಸಿಕೊಂಡ ಹಂಪುಗಳು ಕಿರಿದಾಗಿ, ಕಡಿದಾಗಿ ಇರುತ್ತವೆ. 3085 ಮಿಲಿಮೀಟರ್ ವೀಲ್‌ಬೇಸಿನ ಹೈಲಕ್ಸ್ ಅಂಥ ಕಡೆ ತಗುಲಿದರೆ ಹೊಟ್ಟೆ ತಗುಲುತ್ತದೆ, ಮೂತಿಯಲ್ಲ. ಮುಂದೆ ಎತ್ತಿಸಿದ್ದರಿಂದ ಹೊಟ್ಟೆಗೆ ಸಿಗುವ ಲಾಭ ಅರ್ಧದಷ್ಟು.

ಕಾರ್ಖಾನೆಗಳ ಪೀಣ್ಯದ ಕಡೆ ಬಂದರೆ ಮಾತೇ ಬೇರೆ. 2005ರಲ್ಲಿ ಬಂದ ಟಾಟಾ ಏಸ್‌ಗೆ ಮುಂದೆಯೂ ಹಿಂದೆಯೂ ಕಮಾನ್ ಪಟ್ಟಿಯೇ. ಎರಕದ ಬಿಡಿಭಾಗ, ಕಬ್ಬಿಣದ ರಾಡು ಸಾಗಿಸುವ ಮಾಲೀಕರು ಒಂದು ಪ್ಲೇಟು ಹೆಚ್ಚಿಗೆ ಹಾಕಿಸುತ್ತಾರೆ. ಅವರನ್ನು ಎತ್ತರದ ವಿಷಯ ಕೇಳಿ ನೋಡಿ, ಅವರು ತೂಕದ ಲೆಕ್ಕ ಹೇಳುತ್ತಾರೆ. ಈ ವಿಷಯದಲ್ಲಿ ನಾನು ಪೂರ್ತಿ ಪೀಣ್ಯದ ಪಕ್ಷ. ಸ್ಪ್ರಿಂಗು ಇರುವುದು ಹೊರುವುದಕ್ಕೆ, ಎತ್ತರ ಅದರ ಹಿಂದೆ ಬರುವ ಫಲ.

ಎಷ್ಟು ಕುಗ್ಗುತ್ತದೋ ಅಷ್ಟಕ್ಕೆ ತಕ್ಕ ಬಲ ಅನ್ನುವ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ, ಬಿಡಿಸಿ ಹೇಳಿದ್ದು 1678ರಲ್ಲಿ. ಬೇರೆಯವರು ತಮ್ಮದೆಂದಾರು ಅನ್ನುವ ಕಾಳಜಿ ಆ ಕಾಲದ ವಿಜ್ಞಾನಿಗಳಿಗೆ ಅಷ್ಟಿತ್ತು. ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಮಿಕ್ಕೆಲ್ಲ ಹಾಗೇ ಇದ್ದು ತಂತಿ 14 ಮಿಲಿಮೀಟರಿನಿಂದ 15 ಆದರೆ ಬಿಗಿ ಸುಮಾರು ಶೇಕಡ 32 ಹೆಚ್ಚು! ಮುಂದೆ ವಿಂಚು, ಎರಡನೇ ಬ್ಯಾಟರಿಯಂಥ ಕಾಯಂ ತೂಕ ಇರುವ ಗಾಡಿಗೆ ಅದು ಹಿತ. ಏನೂ ಇಲ್ಲದ ಗಾಡಿಗೆ ಹಾಕಿದರೆ ಪ್ರತಿ ಗುಂಡಿಯೂ ನೇರವಾಗಿ ಬೆನ್ನಿಗೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ಎರಡಿಂಚಿನದು ಕೊಡಿ’ ಅನ್ನುವ ಮೊದಲು ಮುಂದಿನ ತೂಕ ಹೇಳಿ. ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿ ಅದಕ್ಕಾಗಿ ಸ್ಪ್ರಿಂಗ್ ಹುಡುಕುವುದಂತೂ ಬೇಡ. ಅದರ ವಿರುದ್ಧ ಕ್ರಮ ಕೈಗೊಳ್ಳಲು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ.

ಇನ್ನು ಕೆಲಸ. ಶಾಕ್ ಅಬ್ಸಾರ್ಬರಿನ ಸುತ್ತ ಅದುಮಿ ಕೂತ ಸ್ಪ್ರಿಂಗಿನಲ್ಲಿ ಕೊಲ್ಲುವಷ್ಟು ಬಲ ಅಡಗಿರುತ್ತದೆ. ಸರಿಯಾದ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಬಿಚ್ಚುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ. ಸ್ಪ್ರಿಂಗು ಚಕ್ರವನ್ನು ಹಿಡಿದ ಕೆಳಗಿನ ಆರ್ಮಿನ ಒಳಬದಿಗೆ ಕೂತಿರುವುದರಿಂದ ಅಲ್ಲಿ ಕೊಟ್ಟ ಒಂದಿಂಚು ಚಕ್ರದ ಹತ್ತಿರ ಎರಡಿಂಚಿನ ಸಮೀಪ ಬರುತ್ತದೆ. ಆಗ ಮೇಲಿನ ಆರ್ಮಿನ ಬಾಲ್ ಜಾಯಿಂಟು, ಡ್ರೈವ್ ಶಾಫ್ಟಿನ ಜಾಯಿಂಟು ಹೆಚ್ಚು ಓರೆಯಾಗುತ್ತವೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಬಹಳ ಕಡೆ ಮರೆಯುವುದು ಇನ್ನೊಂದು: ಆರ್ಮಿನ ಬುಷ್ ಬೋಲ್ಟುಗಳನ್ನು ಜಾಕಿಯ ಮೇಲೆ ಬಿಗಿಯಬಾರದು. ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟನ್ನೂ ತಗ್ಗಿಸಿ ಹೊಂದಿಸಬೇಕು, ಎತ್ತಿದ ಮೂತಿಯ ಬೆಳಕು ಎದುರಿಗೆ ಬರುವ ಬೈಕಿನವನ ಕಣ್ಣಿಗೇ ಬೀಳುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೊದಲೇ ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ವಿಚಾರಿಸಿ.

ನನ್ನ ತೀರ್ಪು ಇಷ್ಟೆ: ಮುಂದೆ ಕಾಯಂ ತೂಕವಿದ್ದರೆ ಅದಕ್ಕೆ ತಕ್ಕ ಸ್ಪ್ರಿಂಗು, ಚಕ್ರದ ಹತ್ತಿರ ಒಂದೂವರೆ ಇಂಚಿನೊಳಗೆ. ತೂಕವಿಲ್ಲದಿದ್ದರೆ ಕಂಪನಿಯದೇ ಇರಲಿ. ಬದಲಾಯಿಸಿದರೂ ಹಳೆಯ ಜೋಡಿಯನ್ನು ಗುಜರಿಗೆ ಹಾಕಬೇಡಿ, ಗಾಡಿ ಮಾರುವಾಗ ಬೇಕಾಗುತ್ತದೆ.