ಬಲೆಯ ಮಗ್ಗುಲಲ್ಲೊಂದು ಚೂರಿ

ಮಳೆಗಾಲ ಹಿಡಿದ ಮೇಲೆ ಭಟ್ಕಳದ ಬಂದರಿಗೆ ಹೋದವರಿಗೆ ಮೀನಿಗಿಂತ ಬಲೆಯೇ ಹೆಚ್ಚು ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲೂ ಮುನಿದಿರುತ್ತದೆ. ಹಗ್ಗ ಬಿಗಿದು ನಿಲ್ಲಿಸಿದ ಬೋಟುಗಳು, ಮಾಡಿನಡಿ ರಾಶಿ ಬಿದ್ದ ಹಸಿರು, ನೀಲಿ ಬಲೆಗಳು, ಅವುಗಳ ನಡುವೆ ಕಾಲು ಚಾಚಿ ಕುಳಿತ ಗಂಡಸರು. ಕೈಯಲ್ಲಿ ನೂಲು ಸುತ್ತಿದ ಪ್ಲಾಸ್ಟಿಕ್ ಸೂಜಿ, ಮಗ್ಗುಲಲ್ಲಿ ಪುಟ್ಟದೊಂದು ಚೂರಿ. ನೋಡಲು ಬಂದವರ ಕಣ್ಣು ಸೂಜಿಯ ಓಟದ ಮೇಲೆಯೇ ಇರುತ್ತದೆ. ಆದರೆ ರಿಪೇರಿ ಆರಂಭವಾಗುವುದು ಸೂಜಿಯಿಂದಲ್ಲ, ಚೂರಿಯಿಂದ.

ಹರಿದ ಬಲೆಯನ್ನು ಹಾಗೆಯೇ ಹೊಲಿಯಲು ಬರುವುದಿಲ್ಲ. ಮೊದಲು ತೂತನ್ನು ಇನ್ನಷ್ಟು ದೊಡ್ಡದು ಮಾಡಬೇಕು! ಬಲೆಯ ಪ್ರತಿ ಗಂಟಿನಿಂದ ನಾಲ್ಕು ಎಳೆಗಳು ಹೊರಡುತ್ತವೆ. ತೂತಿನ ಅಂಚಿನಲ್ಲಿ ಕೆಲವು ಗಂಟುಗಳಿಗೆ ಮೂರು ಎಳೆ ಉಳಿದಿರುತ್ತದೆ, ಕೆಲವಕ್ಕೆ ಎರಡು, ಕೆಲವಕ್ಕೆ ಒಂದೇ. ಜೋತುಬಿದ್ದ ತುಂಡುಗಳನ್ನೆಲ್ಲ ಕೊಯ್ದು, ಮೂರು ಎಳೆಯ ಒಂದು ಗಂಟಿನಿಂದ ಸೂಜಿ ಹೊರಟು ಮೂರು ಎಳೆಯ ಇನ್ನೊಂದು ಗಂಟಿನಲ್ಲಿ ಮುಗಿಯುವಂತೆ ಅಂಚನ್ನು ಸಜ್ಜುಗೊಳಿಸಬೇಕು. ಎಲ್ಲಿ ಕೊಯ್ಯಬೇಕು ಎಂಬ ಲೆಕ್ಕ ತಪ್ಪಿದರೆ ಸೂಜಿ ನಡುವೆಯೇ ನಿಂತುಬಿಡುತ್ತದೆ. ಗಂಟಿಗೆ ತೀರ ಹತ್ತಿರ ಕೊಯ್ಯಬೇಕು, ಗಂಟಿಗೆ ಮಾತ್ರ ತಾಗಬಾರದು. ಅದಕ್ಕೇ ಈ ಕೆಲಸಕ್ಕೆ ಬೇಕಾದದ್ದು ಸಣ್ಣದಾದ, ಹಲ್ಲಿಲ್ಲದ, ನೇರ ಅಲಗಿನ ಚೂರಿ. ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆಗೆ ಕೊಟ್ಟು, ಬಟ್ಟೆ ಸುತ್ತಿ ಹಿಡಿ ಮಾಡಿದರೂ ಸಾಕು. ಅರ್ಧ ಮುರಿದ ಶೇವಿಂಗ್ ಬ್ಲೇಡು ಇನ್ನೂ ಹರಿತ; ಆದರೆ ಅದು ತೆಳು, ಒತ್ತಡಕ್ಕೆ ಚಟಕ್ಕನೆ ಮುರಿಯುತ್ತದೆ, ತುಂಡು ಎಲ್ಲಿ ಹಾರುವುದೋ ಹೇಳಲಾಗದು. ಬಿಗಿಯಾಗಿ ಹಿಡಿದ ನೂಲಿಗೆ ಅಲಗು ತಾಗಿದರೆ ಸಾಕು, ತುಂಡಾಗುತ್ತದೆ. ಸಡಿಲ ಬಿಟ್ಟ ನೂಲು ಅಲಗಿನ ಮುಂದೆ ಜಾರುತ್ತ ಹೋಗುತ್ತದೆ. ಎಳೆದ ನಾರು ಆಗಲೇ ಹರಿಯಲು ಅರ್ಧ ಸಿದ್ಧವಾಗಿರುತ್ತದೆ, ಅಲಗಿಗೆ ಉಳಿದದ್ದು ಇನ್ನರ್ಧ ಕೆಲಸ.

ಹಿಂದೆ ಈ ತಾಪತ್ರಯ ಕಡಿಮೆಯಿತ್ತು. ರಂಪಣಿಯ ಕಾಲದ ಹತ್ತಿ, ಸೆಣಬಿನ ಜಾತಿಯ ನೂಲನ್ನು ಯಾವ ಅಡುಗೆಮನೆಯ ಚೂರಿಯೂ ಕೊಯ್ಯುತ್ತಿತ್ತು. ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ಆ ಬಲೆಯನ್ನು ಕೊಳೆಯದಂತೆ ಒಣಗಿಸುವುದೇ ದೊಡ್ಡ ಕೆಲಸ. ನೈಲಾನ್ ಬಂತು, ಪಾಲಿಥಿನ್ ಬಂತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಕೊಳೆಯದ ನೂಲು ಸಿಕ್ಕಿತು. ಜೊತೆಗೆ ಸುಲಭಕ್ಕೆ ತುಂಡಾಗದ ನೂಲೂ ಸಿಕ್ಕಿತು.

ಭಟ್ಕಳದಿಂದ ಉತ್ತರಕ್ಕೆ ಹೊರಟರೆ ಮುರ್ಡೇಶ್ವರ. ದೇವಸ್ಥಾನದ ಗೋಪುರ ನೋಡಲು ಬಂದವರ ನಡುವೆ ಬಂಡೆಯ ಮೇಲೆ ಗಾಳ ಹಿಡಿದು ನಿಂತವರೂ ಇರುತ್ತಾರೆ. ಇವರಲ್ಲಿ ಶಾಲೆ, ಕಾಲೇಜಿನ ಹುಡುಗರೂ ಉಂಟು. ಪಾರದರ್ಶಕವಾದ ಒಂಟಿ ಎಳೆಯ ತಂಗೂಸಿನ ಬದಲು ಈಗ ಹಲವರ ರಾಟೆಯಲ್ಲಿ ಜಡೆ ನೂಲು. ಹೆಣ್ಣುಮಕ್ಕಳ ಜಡೆಯಂತೆಯೇ ನಾಲ್ಕು ಅಥವಾ ಎಂಟು ಎಳೆಗಳನ್ನು ಹೆಣೆದು ಮಾಡಿದ್ದು. ಇದು ಯಾವ ಪವಾಡದ ವಸ್ತುವೂ ಅಲ್ಲ, ಅಂಗಡಿಯ ಕೈಚೀಲದ ಪಾಲಿಥಿನ್ ಕುಲದ್ದೇ. ಆದರೆ ಇದರ ಅಣುಗಳ ಸರಪಳಿ ಬಹು ಉದ್ದ, ಎಲ್ಲವೂ ನೂಲಿನ ಉದ್ದಕ್ಕೇ ಸಾಲಾಗಿ ಮಲಗಿರುತ್ತವೆ. ಅಷ್ಟೇ ಭಾರ ತಡೆಯುವ ತಂಗೂಸಿಗಿಂತ ಇದು ಎಷ್ಟೋ ತೆಳು. ಸಾಂದ್ರತೆ ಸುಮಾರು 0.97, ಆದ್ದರಿಂದ ನೀರಿನಲ್ಲಿ ತೇಲುತ್ತದೆ, 1.14 ಸಾಂದ್ರತೆಯ ನೈಲಾನ್ ಮುಳುಗುತ್ತದೆ. ಎರಡರ ತುಂಡುಗಳನ್ನೂ ಒಂದು ಲೋಟ ನೀರಿಗೆ ಹಾಕಿ ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಗಾಳಿಗುಳ್ಳೆ ಅಂಟಿಕೊಂಡಿರದಂತೆ ಬೆರಳಿನಿಂದ ಒಮ್ಮೆ ಅದ್ದಬೇಕು, ಇಲ್ಲದಿದ್ದರೆ ನೈಲಾನೂ ತೇಲಿ ಮೋಸ ಮಾಡೀತು.

ಈ ನೂಲಿನ ಗುಣವೇ ಅದರ ಅಪಾಯ. ಕಾಲು ಮಿಲಿಮೀಟರ್ ದಪ್ಪದ ನೂಲು ಬೆರಳಿಗೆ ಸುತ್ತಿಕೊಂಡಾಗ ಮೀನು ಎಳೆಯಿತೆನ್ನಿ. ಅದೇ ಎಳೆತ 5 ಮಿಲಿಮೀಟರ್ ಹಗ್ಗದಲ್ಲಿ ಬಂದಿದ್ದರೆ ಚರ್ಮ ಕೆಂಪಾಗುತ್ತಿತ್ತು, ಅಷ್ಟೇ. ನೂಲಿನ ಅಗಲ 20ರಲ್ಲಿ ಒಂದು ಪಾಲು. ಹಾಗಾಗಿ ಒತ್ತಡ 20 ಪಟ್ಟು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಹುಡುಗ ಅದನ್ನು ಬೆರಳಿನ ಮೇಲೆ ಕಲಿಯಬೇಕಾಗಿಲ್ಲ. ನೂಲನ್ನು ಕೈಗೆ ಸುತ್ತಿ ಎಳೆಯಬಾರದು, ಬಂಡೆಗೆ ಸಿಕ್ಕಿಕೊಂಡಾಗಲಂತೂ ಕೂಡದು. ಹಲ್ಲಿನಲ್ಲಿ ಕಡಿಯುವ ಚಾಳಿಯೂ ಬೇಡ. ‘ಹಲ್ಲು ಹೋದ್ರೆ ಮತ್ತೆ ಬತ್ತದೇನೋ ತಮ್ಮಾ’ ಎಂದು ಹಿರಿಯರು ಗದರುವುದು ಬರಿಯ ಗದರಿಕೆಯಲ್ಲ.

ಹಾಗಾದರೆ ಯಾವುದರಿಂದ ಕತ್ತರಿಸುವುದು? ತಂಗೂಸಿಗೆ ಉಗುರು ಕತ್ತರಿಸುವ ನೇಲ್‌ಕಟರ್ ಸಾಕು. ಜಡೆ ನೂಲಿಗೆ ಅದು ಅಷ್ಟು ಹೊಂದುವುದಿಲ್ಲ. ಕೆಲವು ಎಳೆ ತುಂಡಾಗಿ ಉಳಿದವು ಕುಂಚದಂತೆ ಬಿಚ್ಚಿಕೊಳ್ಳುತ್ತವೆ, ಆಮೇಲೆ ಗಾಳದ ಕಣ್ಣಿಗೆ ಪೋಣಿಸುವುದೇ ಕಷ್ಟ. ಮನೆಯ ಕತ್ತರಿಯಂತೂ ನೂಲನ್ನು ಎರಡು ಅಲಗಿನ ನಡುವೆ ಮಡಚಿ ಅಗಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ನೂಲು ಅಷ್ಟು ನುಣುಪು. ಇದಕ್ಕೆ ಬೇಕಾದದ್ದು ಒಂದು ಅಲಗಿಗಾದರೂ ಅತಿ ಸಣ್ಣ ಹಲ್ಲುಗಳಿರುವ ಗಿಡ್ಡ ಕತ್ತರಿ. ಹಲ್ಲು ನೂಲನ್ನು ಜಾರಗೊಡದೆ ಹಿಡಿಯುತ್ತದೆ, ಎದುರಿನ ಅಲಗು ಕೊಯ್ಯುತ್ತದೆ.

ಕತ್ತರಿ ಕೊಳ್ಳುವಾಗ ಹೊಳಪು ನೋಡಿ ಮರುಳಾಗಬಾರದು. ಮುಚ್ಚಿದ ಕತ್ತರಿಯನ್ನು ಬೆಳಕಿಗೆ ಹಿಡಿದರೆ ಎರಡು ಅಲಗುಗಳ ನಡುವೆ ಸಣ್ಣದೊಂದು ಸೀಳು ಕಾಣಬೇಕು. ಒಳ್ಳೆಯ ಕತ್ತರಿಯ ಅಲಗುಗಳು ಕೊಂಚ ಬಾಗಿರುತ್ತವೆ. ಮುಚ್ಚುತ್ತ ಹೋದಂತೆ ಅವು ಒಂದು ಕ್ಷಣಕ್ಕೆ ಒಂದೇ ಬಿಂದುವಿನಲ್ಲಿ ತಾಗುತ್ತ ತುದಿಯವರೆಗೆ ಸಾಗುತ್ತವೆ. ಕತ್ತರಿಸುವ ಗುಟ್ಟು ಅಲ್ಲಿದೆ. ನಡುವಿನ ರಿವೆಟ್ ಸಡಿಲವಾಗಿದ್ದರೆ ಎಷ್ಟು ಹರಿತವಿದ್ದರೂ ವ್ಯರ್ಥ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಗೇಣುದ್ದ ಜಡೆ ನೂಲು ಇಟ್ಟುಕೊಂಡು ಹೋಗಿ, ಅದನ್ನು ಸಡಿಲ ಬಿಟ್ಟು, ಕತ್ತರಿಯ ತುದಿಯಿಂದಲೇ ಒಮ್ಮೆ ಕತ್ತರಿಸಿ ನೋಡುವುದು ಬಲ್ಲವರ ಕ್ರಮ. ಬುಡದಲ್ಲಿ ಯಾವ ಕತ್ತರಿಯೂ ಕತ್ತರಿಸೀತು.

ಭಟ್ಕಳದಿಂದ ಸುಮಾರು 40 ಕಿ.ಮೀ. ದೂರದ ಹೊನ್ನಾವರಕ್ಕೆ ಬರುವಾಗ ಶರಾವತಿಯ ವಿಸ್ತಾರ ಕಣ್ಣು ತುಂಬುತ್ತದೆ. ಇಲ್ಲಿ ನದಿಯ ಮೇಲಿನ ಕೊಂಕಣ ರೈಲ್ವೆ ಸೇತುವೆಯೇ 2 ಕಿ.ಮೀ.ಗೂ ಉದ್ದ. ದಕ್ಷಿಣ ದಡದ ಕಾಸರಕೋಡು ಟೊಂಕದ ಬೋಟುಗಳು ಅಳಿವೆಯನ್ನು ದಾಟಿ ಕಡಲು ಸೇರಬೇಕು. ಹೊಳೆಯ ಸೆಳೆತಕ್ಕೆ ಕಡಲ ತೆರೆ ಎದುರಾಗುವ, ಮರಳ ದಿಬ್ಬ ಜಾಗ ಬದಲಿಸುವ ತಾಣ ಅದು. ಇಂಥಲ್ಲಿ ಬಲೆಯೋ ಹಗ್ಗವೋ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಬೋಟಿಗೆ ಹಿಡಿತವೇ ಇಲ್ಲ. ಬಲೆ ಬಿಡುವಾಗ ಹಗ್ಗದ ಸುರುಳಿಯೊಳಗೆ ಕಾಲು ಸಿಕ್ಕಿದರಂತೂ ಮನುಷ್ಯನೇ ಬಲೆಯ ಹಿಂದೆ ನೀರಿಗೆ. ಆಗ ಡಬ್ಬಿಯೊಳಗಿನ ಚೂರಿ ಇದ್ದೂ ಇಲ್ಲದಂತೆ.

ಬೋಟಿನ ಚೂರಿಯ ಲೆಕ್ಕ ಆದ್ದರಿಂದ ಬೇರೆ. ಒಂದೇ ಕೈಯಿಂದ ಎಳೆದು ತೆಗೆಯುವಂತಿರಬೇಕು, ಮಡಚುವ ಚೂರಿ ಬೇಡ. ಒದ್ದೆ ಹಗ್ಗವನ್ನು ಗರಗಸದಂತೆ ಕೊಯ್ಯಲು ಹಲ್ಲುಳ್ಳ ಅಲಗು ಬೇಕು. ತುದಿ ಮೊಂಡಾಗಿರಬೇಕು; ಓಲಾಡುವ ಬೋಟಿನಲ್ಲಿ, ಸಿಕ್ಕಿಕೊಂಡ ಕಾಲಿನ ಪಕ್ಕದಲ್ಲೇ ಕೊಯ್ಯುವಾಗ ಚೂಪು ತುದಿ ಶತ್ರು. ಹಾಯಿಹಡಗಿನ ಕಾಲದ ನಾವಿಕರೂ ತುದಿ ಮೊಂಡಾದ ಚೂರಿಯನ್ನೇ ಹೆಚ್ಚಾಗಿ ಇಟ್ಟುಕೊಳ್ಳುತ್ತಿದ್ದರು. ಬಿಗಿದ ದಪ್ಪ ನೈಲಾನ್ ಹಗ್ಗವನ್ನು ಕೊಯ್ಯುವವರು ಅದರ ನೇರಕ್ಕೆ ನಿಲ್ಲಬಾರದು. ನೈಲಾನ್ ರಬ್ಬರಿನಂತೆ ಹಿಗ್ಗಿ ಶಕ್ತಿ ಕೂಡಿಟ್ಟಿರುತ್ತದೆ, ತುಂಡಾದ ಕೂಡಲೇ ಚಾಟಿಯಂತೆ ಬೀಸುತ್ತದೆ. ಪ್ರೊಪೆಲ್ಲರ್ ಬಿಡಿಸಲು ನೀರಿಗಿಳಿಯುವ ಮುನ್ನ ಎಂಜಿನ್ ನಿಲ್ಲಿಸಿ, ಮತ್ತೆ ಯಾರೂ ಚಾಲೂ ಮಾಡದಂತೆ ನೋಡಿಕೊಳ್ಳಬೇಕು.

ಇದೇ ಟೊಂಕದ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಲೆಯಲ್ಲಿ ಸಿಕ್ಕ ಆಮೆಯ ಕುತ್ತಿಗೆಯಿಂದ ನೂಲು ಬಿಡಿಸುವಾಗಲೂ ಮೊಂಡು ತುದಿಯ ಬೆಲೆ ಗೊತ್ತಾಗುತ್ತದೆ. ಆಮೆ ಸುಮ್ಮನಿರುವ ಪ್ರಾಣಿಯಲ್ಲ.

ಇನ್ನು ಉಪ್ಪಿನ ಕಾಟ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಸಾಣೆಯ ಹ್ಯಾಕ್ಸಾ ಚೂರಿ ಹರಿತದಲ್ಲಿ ಸೈ, ಆದರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ದಡದಲ್ಲಿ ಕುಳಿತು ದಿನವೂ ಮಸೆಯುವವರಿಗೆ ಅದು ಸರಿ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ 10.5ರಷ್ಟು ಶೇಕಡಾ ಕ್ರೋಮಿಯಂ ಇರುತ್ತದೆ, ಅದರ ಆಕ್ಸೈಡಿನ ತೆಳು ಪದರ ಉಕ್ಕನ್ನು ಕಾಯುತ್ತದೆ. ಹಾಗೆಂದು ಸ್ಟೇನ್‌ಲೆಸ್‌ಗೆ ತುಕ್ಕೇ ಇಲ್ಲವೆಂದು ತಿಳಿಯುವುದು ತಪ್ಪು. ಉಪ್ಪು ಒಣಗಲು ಬಿಟ್ಟರೆ ಅದಕ್ಕೂ ಚುಕ್ಕಿ ಚುಕ್ಕಿ ತೂತು ಬೀಳುತ್ತದೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯಿತು.

ಹೊನ್ನಾವರದಿಂದ ಕುಮಟೆ 20 ಕಿ.ಮೀ. ಆಸುಪಾಸು. ವನ್ನಳ್ಳಿಯ ದಡ, ಹೆಡ್‌ಬಂದರಿನ ಬಂಡೆಗಳು, ಮುಂದೆ ಅಘನಾಶಿನಿಯ ಅಳಿವೆ. ಎಲ್ಲಿಯೂ ಅಣೆಕಟ್ಟೆ ಕಾಣದೆ ಹರಿದು ಬರುವ ಈ ಹೊಳೆಯ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬಳಚು ಆರಿಸುತ್ತಾರೆ. ಕೆಸರಿನೊಳಗೆ ಆಡುವುದು ಬರಿಗೈ, ಬರಿಗಾಲು. ಸೇತುವೆಯ ಮೇಲಿನಿಂದ ಯಾರೋ ಕತ್ತರಿಸಿ ಎಸೆದ ಜಡೆ ನೂಲಿನ ಗೋಜಲು ತೇಲಿ ಬಂದು ಸೇರುವುದು ಈ ಕಾಂಡ್ಲಾ ಗಿಡಗಳ ಬುಡಕ್ಕೇ. ಹತ್ತಿಯಾಗಿದ್ದರೆ ಕೊಳೆತು ಹೋಗುತ್ತಿತ್ತು. ಇದು ಹುಡುಗ ದೊಡ್ಡವನಾಗಿ ಅವನ ಮಕ್ಕಳು ಶಾಲೆಗೆ ಹೋಗುವಾಗಲೂ ಅಲ್ಲೇ ಇರುತ್ತದೆ. ಕತ್ತರಿಯ ಜೊತೆಗೆ ತುಂಡುಗಳನ್ನು ತುಂಬಿಕೊಳ್ಳಲು ಮುಚ್ಚಳವಿರುವ ಒಂದು ಖಾಲಿ ಡಬ್ಬಿಯನ್ನೂ ಮಗನ ಚೀಲಕ್ಕೆ ಹಾಕುವ ತಾಯಂದಿರು ಬಳಚು ಆರಿಸುವವರ ಕಾಲು ಉಳಿಸುತ್ತಾರೆ.

ಅಳಿವೆಯ ಆಚೆ ದಡದ ತದಡಿಯಲ್ಲಿ ಜುಲೈ ಕೊನೆಯ ವಾರ ಬಲೆಗಳು ಮತ್ತೆ ಬೋಟು ಹತ್ತುತ್ತವೆ. ಮಂಜುಗಡ್ಡೆ, ಡೀಸೆಲ್, ಅಕ್ಕಿ ಎಲ್ಲ ಸೇರಿದ ಮೇಲೆ, ಬಲೆ ಎಳೆಯುವ ವಿಂಚಿನ ಪಕ್ಕ ಕೈಗೆಟಕುವ ಎತ್ತರದಲ್ಲಿ ಚೂರಿಯೊಂದನ್ನು ಒರೆಯ ಸಮೇತ ಕಟ್ಟಬೇಕು. ನೀರಿಗೆ ಬಿದ್ದರೆ ಮುಳುಗಿಹೋಗದಂತೆ ಅದಕ್ಕೂ ಒಂದು ಮಾರುದ್ದದ ದಾರ ಬೇಕು.