ಶಾನವನ್ ಊರಿನ ಆಟಗಾರ್ತಿ

ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ, ರಾಕಿ ಪರ್ವತಗಳ ಬುಡದಿಂದ ಮೂಡಲಿಗೆ ನೂರಾರು ಹರದಾರಿ ಹಬ್ಬಿರುವ ಬಯಲುಸೀಮೆಗೆ ಪ್ರೇರಿ ಎಂದು ಹೆಸರು. ಮರವಿಲ್ಲ, ಗುಡ್ಡವಿಲ್ಲ, ಬೇಸಿಗೆಯಲ್ಲಿ ಗೋದಿಯ ಪೈರು, ಚಳಿಗಾಲದಲ್ಲಿ ಹಿಮ, ಇವೆರಡೇ ಅಲ್ಲಿಯ ಋತುಗಳೆಂದರೂ ಸಲ್ಲುವುದು. ಆ ಬಯಲಿನ ನಡುವೆ, ಸಸ್ಕಾಚೆವಾನ್ ಪ್ರಾಂತದ ನೈರುತ್ಯ ಮೂಲೆಯಲ್ಲಿ, ಶಾನವನ್ ಎಂಬ ಸಣ್ಣ ಊರು ಉಂಟು. ರೈಲುದಾರಿ ಬಂದಾಗ 1913ರಲ್ಲಿ ಹುಟ್ಟಿದ ಊರು. ಇಂದು ಅದರ ಜನಸಂಖ್ಯೆ ಎರಡು ಸಾವಿರಕ್ಕಿಂತ ಕಡಮೆ. ದೇಗುಲವೆಂದಾಗಲಿ ಜಲಪಾತವೆಂದಾಗಲಿ ಪ್ರವಾಸಿಗಳು ಅರಸಿಕೊಂಡು ಹೋಗತಕ್ಕ ಸ್ಥಳವಲ್ಲ. ನಾವು ಹೋದದ್ದು ನಮ್ಮ ಮೊಮ್ಮಗಳ ಹಟದಿಂದ.

ನಮ್ಮ ಹಿರಿಯ ಮಗನು ಕ್ಯಾಲ್ಗರಿ ನಗರದಲ್ಲಿ ಉದ್ಯೋಗದಲ್ಲಿರುವನು. ಅವನ ಮಗಳಿಗೆ ಒಂಬತ್ತು ವರ್ಷ. ಆ ದೇಶದ ಮಕ್ಕಳಂತೆ ಅವಳಿಗೂ ಮಂಜುಗಡ್ಡೆಯ ಮೇಲಿನ ಹಾಕಿಯ ಹುಚ್ಚು. ಕೋಳಿ ಕೂಗುವ ಮೊದಲೇ ತಂದೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಭ್ಯಾಸಕ್ಕೆ ಕರೆದೊಯ್ಯಬೇಕು. ಪಾದರಕ್ಷೆ, ಕವಚ, ಕೋಲು, ಶುಲ್ಕ, ಎಲ್ಲಕ್ಕೂ ಹಣ ನೀರಿನಂತೆ ಹರಿಯುತ್ತಿರುವುದು. ನಮ್ಮ ಮನೆಯವರು ಇದನ್ನು ಕಂಡು, “ಹಲ್ಲು ಮುರಿದುಕೊಂಡರೆ ಏನು ಗತಿ? ಇದರಿಂದ ನಾಳೆ ಒಂದು ಹೊತ್ತಿನ ಅನ್ನವಾದರೂ ಹುಟ್ಟೀತೆ?” ಎಂದು ಮಗನನ್ನು ಕೇಳಿದರು. ಮಗನು ಉತ್ತರ ಹೇಳದೆ ನಮ್ಮ ಮುಖವನ್ನು ನೋಡಿದನು. ಮೂವತ್ತೈದು ವರ್ಷ ಮೇಷ್ಟರಾಗಿದ್ದವರು ಹೇಳಲಿ ಎಂಬ ಭಾವ. ಮುಂದಿನ ವರ್ಷ ಆಟವನ್ನು ಮುಂದುವರಿಸುವುದೋ ಬಿಡಿಸುವುದೋ ಎಂಬ ಪ್ರಶ್ನೆ ಹೀಗೆ ನಮ್ಮ ತಲೆಗೆ ಬಂತು. ಮೊಮ್ಮಗಳಾದರೋ, “ಹೇಯ್ಲಿಯ ಊರನ್ನು ನೋಡಿ ಆಮೇಲೆ ಹೇಳಿ, ತಾತ” ಎಂದಳು.

ಕ್ಯಾಲ್ಗರಿಯಿಂದ ಶಾನವನ್ ಸುಮಾರು 500 ಕಿಲೋಮೀಟರು. ಮೆಡಿಸಿನ್ ಹ್ಯಾಟ್ ಎಂಬ ವಿಚಿತ್ರ ನಾಮಧೇಯದ ಪಟ್ಟಣವನ್ನು ದಾಟಿ, ಗಲ್ ಲೇಕ್ ಎಂಬಲ್ಲಿ ಹೆದ್ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಬೇಕು. ಅಮರಕೋಶದಲ್ಲಿ ಹಿಮಕ್ಕಿರುವ ಪರ್ಯಾಯಪದಗಳನ್ನು ನಾವು ಎಷ್ಟೋ ತಲೆಮಾರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವು. ಆ ಪದಗಳ ಅರ್ಥವು ಮೂಗಿನ ತುದಿಗೂ ಕಿವಿಗೂ ತಿಳಿದದ್ದು ಆ ದಾರಿಯಲ್ಲಿ ಗಾಡಿಯಿಂದಿಳಿದು ನಿಂತ ಎರಡು ನಿಮಿಷಗಳಲ್ಲಿ.

ಶಾನವನ್ನಿನಲ್ಲಿ ಆಟದ ಮಂದಿರಕ್ಕೆ ಒಬ್ಬ ಹೆಣ್ಣುಮಗಳ ಹೆಸರನ್ನಿಟ್ಟಿದ್ದಾರೆ. ಆಕೆಯೇ ಹೇಯ್ಲಿ ವಿಕನ್‌ಹೈಸರ್. ಹುಟ್ಟಿದ್ದು 1978ನೆಯ ಇಸವಿ ಆಗಸ್ಟ್ 12ರಂದು. ತಂದೆತಾಯಿಗಳಿಬ್ಬರೂ ಉಪಾಧ್ಯಾಯರು (ಇದನ್ನು ಕೇಳಿ ನಮಗೆ ಆ ಸಂಸಾರದ ಮೇಲೆ ಸ್ವಲ್ಪ ಪಕ್ಷಪಾತ ಹುಟ್ಟಿತೆಂಬುದನ್ನು ವಾಚಕರು ಕ್ಷಮಿಸಬೇಕು). ತಂದೆಯು ಚಳಿಗಾಲದಲ್ಲಿ ಹಿತ್ತಲಿಗೆ ನೀರು ಹಾಯಿಸುವನು. ನೀರು ರಾತ್ರೋರಾತ್ರಿ ಕಲ್ಲಾಗುವುದು. ಅದೇ ಮಗಳ ಪಾಠಶಾಲೆ. ಆಗ ಅವಳಿಗೆ ಐದು ವರ್ಷ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಪಕ್ಷಕ್ಕೆ ಆರು ಮಂದಿ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳು. ಚೆಂಡಿನ ಬದಲಿಗೆ ಪಕ್ ಎಂಬ ರಬ್ಬರಿನ ಬಿಲ್ಲೆ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಆವರ್ತ. ಆಟಗಾರರು ಒಂದು ನಿಮಿಷದೊಳಗಾಗಿ ದಣಿದು ಹೊರಕ್ಕೆ ಹಾರುವರು, ಬೇರೆಯವರು ಒಳಕ್ಕೆ ಹಾರುವರು. ಆ ವೇಗಕ್ಕೆ ನಮ್ಮ ಕಣ್ಣು ಒಗ್ಗಲಿಲ್ಲ. ಗೋಲಾಯಿತೆಂಬುದನ್ನು ಜನರ ಕೂಗಿನಿಂದಲೇ ತಿಳಿಯುತ್ತಿದ್ದೆವು.

ಆ ಕಾಲದ ಶಾನವನ್ನಿನಲ್ಲಿ ಹುಡುಗಿಯರಿಗೆ ತಂಡವಿರಲಿಲ್ಲ. ಹೇಯ್ಲಿ ಹುಡುಗರೊಡನೆ ಆಡಿದಳು. ಹೆಣ್ಣೆಂದು ಗುರುತು ಸಿಕ್ಕಬಾರದೆಂದು ಕೂದಲನ್ನು ಶಿರಸ್ತ್ರಾಣದೊಳಗೆ ಅಡಗಿಸಿಕೊಳ್ಳುತ್ತಿದ್ದಳು. ಸಂಸಾರವು ಕ್ಯಾಲ್ಗರಿಗೆ ಬಂದ ಮೇಲೆ, 1991ರಲ್ಲಿ ಆಲ್ಬರ್ಟಾ ಪ್ರಾಂತದ ಹದಿನೇಳರೊಳಗಿನ ಹುಡುಗಿಯರ ತಂಡ ಸ್ವರ್ಣಪದಕವನ್ನು ಗೆದ್ದಾಗ, ಗೆಲುವಿನ ಗೋಲು ಹೊಡೆದದ್ದು ಹನ್ನೆರಡು ವರ್ಷದ ಈ ಬಾಲೆ. ಹದಿನೈದಕ್ಕೆ ರಾಷ್ಟ್ರೀಯ ತಂಡ. ಅಲ್ಲಿಂದ ಇಪ್ಪತ್ತಮೂರು ವರ್ಷ ಆಡಿ, ದೇಶದ ಪರವಾಗಿ 276 ಪಂದ್ಯಗಳಲ್ಲಿ 168 ಗೋಲುಗಳನ್ನು ಹೊಡೆದು, 2017ರ ಜನವರಿಯಲ್ಲಿ ನಿವೃತ್ತಳಾದಳು. ಒಲಿಂಪಿಕ್ಸಿನಲ್ಲಿ ಮೊದಲ ಸಲ, 1998ರಲ್ಲಿ, ರಜತ. ಅನಂತರ 2002, 2006, 2010, 2014, ಒಂದರ ಮೇಲೊಂದು ನಾಲ್ಕು ಸ್ವರ್ಣ. ಸಾಲದೆಂಬಂತೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸಾಫ್ಟ್‌ಬಾಲ್ ಬೇರೆ ಆಡಿದಳು!

ಇಷ್ಟನ್ನೂ ಮೊಮ್ಮಗಳು ನಮಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ವಿಭಕ್ತಿಪ್ರತ್ಯಯಗಳನ್ನೂ ಹೀಗೆಯೇ ಒಪ್ಪಿಸುವಳಾದರೆ ಎಂದು ನಮಗೆ ಆಸೆಯಾಯಿತು. ಆದರೆ ನಮ್ಮ ಮನೆಯವರ ಪ್ರಶ್ನೆಯು ಪದಕಗಳದ್ದಲ್ಲ, ಅನ್ನದ್ದು. ಆ ವಿಷಯವನ್ನು ವಿಚಾರಿಸಿದಂತೆಲ್ಲ ನಮ್ಮ ಮನಸ್ಸು ಭಾರವಾಯಿತು. ಜಗತ್ತಿನಲ್ಲೇ ಶ್ರೇಷ್ಠಳೆನಿಸಿದ ಹೆಂಗಸಿಗೆ ಆ ಆಟದಿಂದ ಬದುಕುವ ದಾರಿ ಸ್ವದೇಶದಲ್ಲಿ ಇರಲಿಲ್ಲ. ಗಂಡಸರಿಗೆ ಲಕ್ಷಗಟ್ಟಲೆ ಡಾಲರು, ಹೆಂಗಸರಿಗೆ ಚಪ್ಪಾಳೆ. ಇಟಲಿಯ ಪುರುಷರ ತಂಡವೊಂದಕ್ಕೆ ಸೇರಲು ನೋಡಿದರೆ, ಅಲ್ಲಿಯ ಆಡಳಿತದವರು ಸ್ತ್ರೀಯರಿಗೆ ಅವಕಾಶವಿಲ್ಲವೆಂದರು. ಫಿನ್ಲೆಂಡಿನವರು ಒಪ್ಪಿದರು. ಹೀಗೆ 2003ರ ಜನವರಿಯಲ್ಲಿ ಹೆಲ್ಸಿಂಕಿಯ ಸಮೀಪದ ಕಿರ್ಕೊನುಮ್ಮಿ ಎಂಬ ಊರಿನ ಸಲಮಾತ್ ತಂಡದಲ್ಲಿ, ಮೈಮೇಲೆ ಬೀಳುವ ಗಂಡಸರ ನಡುವೆ, ಆಕೆ ಆಡಿದಳು. ಪುರುಷರ ಆ ಬಗೆಯ ಸ್ಪರ್ಧೆಯಲ್ಲಿ ಗೋಲು ಹೊಡೆದ ಪ್ರಥಮ ಸ್ತ್ರೀ ಎನಿಸಿದಳು. ಕೆಲವರ್ಷಗಳ ಮೇಲೆ ಸ್ವೀಡನ್ನಿನಲ್ಲಿಯೂ ಹಾಗೆಯೇ ಆಡಿದಳು. ಇದನ್ನು ಸಾಹಸವೆಂದು ಪತ್ರಿಕೆಗಳು ಹೊಗಳಿದವು. ಹೊಟ್ಟೆಪಾಡಿಗೆ ಪರದೇಶ ಸೇರುವುದು ನಮ್ಮ ಕಣ್ಣಿಗೆ ಸಾಹಸಕ್ಕಿಂತ ಹೆಚ್ಚಾಗಿ ನಿರ್ವಾಹವಿಲ್ಲದ ಕಾರ್ಯವಾಗಿ ಕಂಡಿತು.

ಕೆನಡಾದಲ್ಲಿ 2007ರಲ್ಲಿ ಸ್ತ್ರೀಯರಿಗಾಗಿ ಒಂದು ಲೀಗು ಹುಟ್ಟಿದ್ದುಂಟು. ಮೊದಲ ಹತ್ತು ವರ್ಷ ಆಟಗಾರ್ತಿಯರಿಗೆ ಸಂಬಳವೇ ಇರಲಿಲ್ಲ. 2017ರಲ್ಲಿ ಗೊತ್ತಾದದ್ದು ವರ್ಷಕ್ಕೆ 2,000ದಿಂದ 10,000 ಡಾಲರು ಮಾತ್ರ. ಹಗಲು ಬೇರೆ ಕೆಲಸ, ರಾತ್ರಿ ಅಭ್ಯಾಸ. ಕ್ಯಾಲ್ಗರಿಯ ಇನ್ಫರ್ನೊ ತಂಡವು ಹೇಯ್ಲಿಯಿದ್ದ 2016ರಲ್ಲೊಮ್ಮೆ ಆ ಲೀಗಿನ ಕಪ್ಪನ್ನು ಗೆದ್ದಿತು. 2019ರ ಮಾರ್ಚ್ 24ರಂದು ಮತ್ತೊಮ್ಮೆ ಗೆದ್ದಿತು. ಸರಿಯಾಗಿ ಏಳನೆಯ ದಿನ, ಲೀಗನ್ನು ಮುಚ್ಚುವುದಾಗಿ ಪ್ರಕಟಣೆ ಹೊರಟಿತು! ಗೆದ್ದವರ ಮನೆಗಳಲ್ಲಿ ಹಾರಗಳಾದರೂ ಬಾಡಿದ್ದವೋ ಇಲ್ಲವೋ.

ಆಮೇಲೆ ಆ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಜೀವನಕ್ಕೆ ಸಾಲುವಷ್ಟು ಕೊಡುವ ವ್ಯವಸ್ಥೆ ಆಗುವವರೆಗೆ ಬೇರಾವ ಲೀಗಿನಲ್ಲಿಯೂ ಆಡೆವೆಂದು ಕೆನಡಾ ಮತ್ತು ಅಮೆರಿಕದ ಬಹುಮಂದಿ ಒಟ್ಟಾಗಿ ನಿಂತರು. ನಾಲ್ಕು ವರ್ಷ ಕಾದರು. ಪ್ರಾಯದ ಆಟಗಾರರಿಗೆ ನಾಲ್ಕು ವರ್ಷವೆಂದರೆ ಅಲ್ಪವಲ್ಲ. ಕಡೆಗೆ 2024ರ ಜನವರಿ 1ರಂದು ಟೊರಾಂಟೊ ನಗರದಲ್ಲಿ ಹೊಸ ಲೀಗಿನ ಮೊದಲನೆಯ ಪಂದ್ಯ ನಡೆಯಿತು. ಮೊದಲ ವರ್ಷದಲ್ಲಿಯೇ ಕನಿಷ್ಠ ಸಂಬಳ 35,000 ಡಾಲರು. ಪ್ರತಿ ತಂಡದಲ್ಲಿ ಆರು ಮಂದಿಗಾದರೂ 80,000ಕ್ಕೆ ಕಡಮೆಯಿಲ್ಲ. ಅದೇ ಏಪ್ರಿಲಿನಲ್ಲಿ ಮಾಂಟ್ರಿಯಲ್ಲಿನ ಒಂದು ಪಂದ್ಯಕ್ಕೆ 21,105 ಜನ ಸೇರಿದರು.

ಹೇಯ್ಲಿಗೆ ಆ ಸಂಬಳ ಒದಗಲಿಲ್ಲ. ಆಟ ಬಿಟ್ಟ ಮೇಲೆ ಆಕೆ ಕ್ಯಾಲ್ಗರಿ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 2021ರಲ್ಲಿ ತೇರ್ಗಡೆಯಾದಳು. ಮರುವರ್ಷ ಟೊರಾಂಟೊದ ಪುರುಷರ ತಂಡದ ಆಡಳಿತದಲ್ಲಿ ಉನ್ನತ ಪದವಿಗೆ ನೇಮಕಗೊಂಡಳು. ನಮ್ಮ ದೇಶಕ್ಕೂ ಆಕೆಯ ಋಣವೊಂದಿದೆ. 2018ರಲ್ಲಿ ಲಡಾಖಿಗೆ ಬಂದು ಅಲ್ಲಿಯ ಹುಡುಗಿಯರೊಡನೆ ಆಡಿ, ಅದೇ ವರ್ಷ ಭಾರತದ ಮಹಿಳಾ ತಂಡವನ್ನು ಕ್ಯಾಲ್ಗರಿಯ ತನ್ನ ಉತ್ಸವಕ್ಕೆ ಕರೆಸಿಕೊಂಡಳು.

ಇವನ್ನೆಲ್ಲ ಶಾನವನ್ನಿನ ಒಂದು ಉಪಾಹಾರಗೃಹದಲ್ಲಿ ಬಿಸಿ ಕಾಫಿಯೆದುರು ಕುಳಿತು ನಮ್ಮ ಮನೆಯವರಿಗೆ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, “ಆ ತಾಯಿ ಡಾಕ್ಟರಿಕೆಯನ್ನೂ ಓದಿದಳಲ್ಲ, ಅದನ್ನು ಮಗುವಿಗೆ ಹೇಳಿ” ಎಂದರು. ಹೇಳಿದೆವು. ಓದನ್ನು ಬಿಡಕೂಡದು, ಆಟವನ್ನೂ ಬಿಡಿಸಕೂಡದು ಎಂದು ಮಗನಿಗೂ ತಿಳಿಸಿದೆವು. ಅಂಚೆಯಲ್ಲಿ ನಮ್ಮ ಪಿಂಚಣಿಯ ಉಳಿತಾಯ ಸ್ವಲ್ಪ ಇತ್ತು; ಮುಂದಿನ ಜೊತೆ ಸ್ಕೇಟುಗಳು ಅದರಿಂದ ಎಂದೂ ಗೊತ್ತಾಯಿತು.

ಸಂಜೆ ಬಯಲಿನ ಒಂದು ರಿಂಕಿನಲ್ಲಿ ಮೊಮ್ಮಗಳು ಆಡಲು ಇಳಿದಳು. ಅವಳಜ್ಜಿ, ಕೈಗವಸು ಕಳಚಿ, ಚಳಿಗೆ ಸೆಟೆದ ಬೆರಳುಗಳಿಂದಲೇ ಎರಡೆಳೆ ಜಡೆ ಹೆಣೆದು, “ಇದನ್ನು ಟೋಪಿಯೊಳಕ್ಕೆ ಸೇರಿಸಲೇನೇ?” ಎಂದು ಕೇಳಿದರು. “ಬೇಡ ಅಜ್ಜಿ, ಹೊರಗೇ ಇರಲಿ” ಎಂದು ಅವಳು ಓಡಿದಳು.