ಗಳಿಗೆ ಕೇಳದ ಜಾತಕ

ಕೊರಿಯದ ಚಾಂದ್ರಮಾನ ಹೊಸವರ್ಷ. ಮುದಿತಾಯಿ ಕನ್ನಡಕವೇರಿಸಿ ‘ತೋಜೊಂಗ್ ಬಿಗ್ಯೋಲ್’ ತೆರೆಯುತ್ತಾಳೆ. ಹುಟ್ಟಿದ ವರ್ಷ, ತಿಂಗಳು, ದಿನ ತಿಳಿದರೆ ಸಾಕು. ಲೆಕ್ಕ ಹಾಕಿ, ಎಂಟು, ಆರು, ಮೂರರಿಂದ ಭಾಗಿಸಿದರೆ ಉಳಿಯುವ ಶೇಷಗಳು 144 ಫಲಗಳಲ್ಲೊಂದನ್ನು ತೋರುತ್ತವೆ. ಜನನದ ಗಳಿಗೆಯನ್ನು ಈ ಗ್ರಂಥ ಕೇಳುವುದೇ ಇಲ್ಲ. ಗಡಿಯಾರವಿಲ್ಲದ ಗುಡಿಸಲಲ್ಲಿ ಹುಟ್ಟಿದವರಿಗೆ ಅದೆಂಥ ಔದಾರ್ಯ!

ಕರ್ತೃವೆಂದು ಜನ ನಂಬಿದ ಯಿ ಜಿ-ಹಾಮ್ (1517–1578) ಹಾನ್ ನದಿಯ ದಡದ ಮಣ್ಣುಮನೆಯಲ್ಲಿದ್ದವನು. ಆಸಾನಿನ ಅಧಿಕಾರಿಯಾದಾಗ ಭಿಕ್ಷುಕರಿಗೆ ಆಶ್ರಯ ಕಲ್ಪಿಸಿದವನು. ಗ್ರಂಥ ಅವನದಲ್ಲವೆಂದು ವಿದ್ವಾಂಸರ ಶಂಕೆ. ಶಂಕಿಸಲಿ, ಬಡವರ ಪುಸ್ತಕಕ್ಕೆ ಆ ಹೆಸರು ಒಪ್ಪಿದೆ.

ತಾಯಿ ತಿಂಗಳು ತಿಂಗಳಿನ ಫಲ ಓದುತ್ತಾಳೆ. ಏಳನೆಯ ತಿಂಗಳಲ್ಲಿ ನೀರಿನ ಭಯವೆಂದಿದೆ. ಎದುರಿಗೆ ಕುಳಿತ ಮಗ ಮೀನುಗಾರ. ಅವಳು ಆ ಸಾಲನ್ನು ದಾಟಿ, ಎಂಟನೆಯ ತಿಂಗಳನ್ನು ತುಸು ಗಟ್ಟಿಯಾಗಿಯೇ ಓದುತ್ತಾಳೆ.